ಬ್ರೇಕ್, ಬ್ರೋಕ್, ಬ್ರೋಕನ್

ಕನ್ನಡದಲ್ಲಿ ಮಡಕೆ ಒಡೆಯುತ್ತದೆ, ಕೋಲು ಮುರಿಯುತ್ತದೆ, ಹಗ್ಗ ಹರಿಯುತ್ತದೆ, ಕೊಟ್ಟ ಮಾತು ತಪ್ಪುತ್ತದೆ, ಹಿಡಿದ ಉಪವಾಸವನ್ನು ಬಿಡುತ್ತೇವೆ. ಇಂಗ್ಲಿಷಿನವರು ಇಷ್ಟೆಲ್ಲಕ್ಕೂ ಬ್ರೇಕ್ ಎಂಬ ಒಂದೇ ಕ್ರಿಯಾಪದದಲ್ಲಿ ಕೆಲಸ ಮುಗಿಸುತ್ತಾರೆ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಆ ಪದವನ್ನು ನಾನು ನನ್ನ ಓರಗಿತ್ತಿಗೆ, ಅಂದರೆ ಮೈದುನನ ಹೆಂಡತಿಗೆ, ಹೇಳಿಕೊಟ್ಟೆ. ಹೇಳಿಕೊಟ್ಟ ರೀತಿಯಲ್ಲಿ ಒಂದು ತಪ್ಪು ಮಾಡಿದೆ.

ನಮ್ಮ ಮನೆ ಗೋಣಿಬೀಡಿನಿಂದ ಒಳಗೆ, ಬಸ್ಸಿನ ರಸ್ತೆ ಬಿಟ್ಟು ಇಪ್ಪತ್ತು ನಿಮಿಷ ತೋಟದೊಳಗೆ ನಡೆದರೆ ಸಿಗುವಷ್ಟು ದೂರದಲ್ಲಿತ್ತು. ಮಾವ, ಅತ್ತೆ, ನನ್ನ ಗಂಡ, ನಾನು, ಮೈದುನ, ಅವನ ಹೆಂಡತಿ. ಅವಳ ತವರು ವಸ್ತಾರೆ ಕಡೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲು. ಫೇಲಾದ ವರ್ಷವೇ ಮದುವೆ. ನಮ್ಮ ಮನೆಗೆ ಬಂದು ಎರಡು ವರ್ಷ ಆಗುವಾಗ ಅವಳಿಗೆ ಇಪ್ಪತ್ತೂ ತುಂಬಿರಲಿಲ್ಲ.

ಊರಿಗೆ ಅಂಗನವಾಡಿ ಬರುತ್ತದೆ, ಎಸ್ಸೆಸ್ಸೆಲ್ಸಿ ಪಾಸಾದ ಹೆಂಗಸು ಬೇಕಂತೆ ಎಂದು ಸುದ್ದಿ ಹಬ್ಬಿದ್ದು ಆ ವರ್ಷ. ಅವಳು ಅದನ್ನು ಹಿಡಿದುಕೊಂಡಳು.

"ಬೆಳಿಗ್ಗೆ ಹತ್ತರಿಂದ ನಾಲ್ಕರ ತನಕ ಅಕ್ಕ," ಎಂದಳು ಒಂದು ದಿನ ಅಕ್ಕಿ ಆರಿಸುತ್ತಾ. "ಅಷ್ಟು ಹೊತ್ತು ಅವ್ರ ಕೈಗೆ ಸಿಗದೆ ಇರಬೌದು."

ಅವಳು ಬಯಸಿದ್ದು ಅಷ್ಟೇ. ದಿನಕ್ಕೆ ಆರು ಗಂಟೆ.

ಮೈದುನ ಹೊಡೆಯುತ್ತಿದ್ದ. ಮದುವೆಯಾದ ಎರಡನೇ ವಾರಕ್ಕೇ ಶುರು. ರೊಟ್ಟಿ ತಣ್ಣಗಿದೆ ಅಂತ, ಆಳು ಬರಲಿಲ್ಲ ಅಂತ, ನಾಯಿ ಬಿಚ್ಚಿಬಿಟ್ಟಿದ್ದಾಳೆ ಅಂತ, ಏನೂ ಇಲ್ಲದಿದ್ದರೆ ಎದುರಿಗೆ ನಿಂತಿದ್ದಾಳೆ ಅಂತ. ಕುಡಿದು ಹೊಡೆಯುವವನಾಗಿರಲಿಲ್ಲ. ಹಾಗಿದ್ದರೆ ಹೇಳಿಕೊಳ್ಳಲು ಒಂದು ಕಾರಣವಾದರೂ ಇರುತ್ತಿತ್ತು. ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೊಡೆಯುತ್ತಿದ್ದ. ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದ, ಅದೊಂದು ಮರ್ಯಾದೆ. ಬಾಗಿಲು ಬಿದ್ದ ಸದ್ದಾದರೆ ಅತ್ತೆ ಎದ್ದು ರೇಡಿಯೋ ದೊಡ್ಡದು ಮಾಡುತ್ತಿದ್ದರು. ಮಾವ ಕೆಮ್ಮಿ ಅಂಗಳಕ್ಕೆ ಇಳಿಯುತ್ತಿದ್ದರು. ನನ್ನ ಗಂಡ ಪೇಪರಿನ ಇನ್ನೊಂದು ಪುಟ ತಿರುವುತ್ತಿದ್ದರು. ನಾನು ಒರಳಿನ ಮುಂದೆ ಕೂತು ರುಬ್ಬುತ್ತಿದ್ದೆ. ರುಬ್ಬಿದ್ದು ನುಣ್ಣಗಾಗಿದ್ದರೂ ಇನ್ನೊಂದು ಸುತ್ತು ರುಬ್ಬುತ್ತಿದ್ದೆ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದನ್ನು ಬರೆಯುವ ಹಕ್ಕು ನನಗಿಲ್ಲ.

ಪರೀಕ್ಷೆ ಕಟ್ಟುತ್ತಾಳೆ ಎಂದಾಗ ಮಾವ ಬೇಡವೆನ್ನಲಿಲ್ಲ. ಸೊಸೆ ಸರ್ಕಾರದ ಕಡೆಯವಳು ಎನ್ನಿಸಿಕೊಳ್ಳುವುದು ಅವರಿಗೂ ಇಷ್ಟ. ಮೈದುನ ನಕ್ಕ. "ಕಟ್ಲಿ ಬಿಡಿ. ಇವ್ಳು ಇಂಗ್ಲಿಷ್ ಪಾಸಾದ್ರೆ ನಾನು ಮೀಸೆ ಬೋಳಿಸ್ಕಂಡು ಮೂಡಿಗೆರೆ ಪೇಟೇಲಿ ಒಂದ್ ಸುತ್ತು ಬರ್ತೀನಿ."

ನಾನು ಚಿಕ್ಕಮಗಳೂರಿನಲ್ಲಿ ಬಿ.ಎ. ಓದಿದವಳು. ನನಗೆ ಇಂಗ್ಲಿಷ್ ಬಂದದ್ದು ಪೆಟ್ಟಿನಿಂದ. ನಮ್ಮ ಮೇಷ್ಟ್ರು ಕ್ರಿಯಾಪದದ ಮೂರು ರೂಪಕ್ಕೂ ಒಂದೊಂದು ಛಡಿಯೇಟು ಇಟ್ಟಿದ್ದರು. ಗೋ ಎಂದರೆ ಒಂದು, ವೆಂಟ್ ಎಂದರೆ ಇನ್ನೊಂದು, ಗಾನ್ ಎನ್ನುವಷ್ಟರಲ್ಲಿ ಅಂಗೈ ಬಾತಿರುತ್ತಿತ್ತು. ಸರಿಯಾಗಿ ಹೇಳಿದರೂ ಏಟು, ಮರೆಯಬಾರದು ಅಂತ. ಹೀಗೆ ಯಾರಿಗೂ ಕಲಿಸಬಾರದು ಎಂದು ಆಗಲೇ ಅಂದುಕೊಂಡಿದ್ದೆ. ಹಾಗಾಗಿ ನನ್ನದೇ ಒಂದು ಕ್ರಮ ಮಾಡಿಕೊಂಡೆ. ಇನ್ನೂರು ಪುಟದ ನೋಟ್ ಪುಸ್ತಕ, ಪುಟಕ್ಕೆ ಒಂದು ಕ್ರಿಯಾಪದ, ಆ ಪದದ ಮೇಲೆ ಹತ್ತು ವಾಕ್ಯ. ಮಧ್ಯಾಹ್ನ ಊಟದ ಪಾತ್ರೆ ತೊಳೆದ ಮೇಲೆ ಹಿತ್ತಿಲ ಜಗಲಿಯಲ್ಲಿ ಕೂತರೆ ದನ ಮನೆಗೆ ಬರುವ ತನಕ ಪಾಠ.

ಬ್ರೇಕ್ ಬಂದ ದಿನ ಅವಳು, "ಅದು ಜೀಪಿಂದಲ್ವಾ ಅಕ್ಕ? ಕಾಲಲ್ಲಿ ಒತ್ತೋದು?" ಎಂದಳು. ಅದು ಬೇರೆ ಇದು ಬೇರೆ, ಬರೆಯುವಾಗ ಅಕ್ಷರವೂ ಬೇರೆ ಎಂದು ತೋರಿಸಿದೆ. ಮರುದಿನ ಹತ್ತು ವಾಕ್ಯ ಬರೆದು ತಂದಳು. ಎಲ್ಲ ಗೈಡಿನವು. ಹುಡುಗ ಕಿಟಕಿಯ ಗಾಜು ಒಡೆದನು. ರಾಜನು ವಚನಭಂಗ ಮಾಡಿದನು.

"ಎಂಥ ಮಾರಾಯ್ತಿ ಇದು? ನಮ್ಮನೇಲಿ ಗಾಜಿನ ಕಿಟಕಿ ಎಲ್ಲದೆ?"

"ಪುಸ್ತಕ್ದಲ್ಲಿ ಹಂಗೇ ಅದೆಯಲ್ಲಕ್ಕ."

"ಪುಸ್ತಕದ್ದು ಬರೆದ್ರೆ ಬೆಳಿಗ್ಗೆಗೆ ಮರ್ತು ಹೋಗ್ತದೆ. ಈ ಮನೇಲಿ ಆಗಿದ್ದು ಬರಿ. ನೀನೇ ಕಣ್ಣಲ್ಲಿ ಕಂಡದ್ದು. ಸುಳ್ಳು ಒಂದೂ ಇರಬಾರ್ದು."

ಇದೇ ನನ್ನ ತಪ್ಪು.

ಮಾರನೇ ದಿನ ಮಧ್ಯಾಹ್ನ ಪುಸ್ತಕ ನನ್ನ ಮುಂದಿಟ್ಟು ಅವಳು ಬೇರೆ ಕಡೆ ನೋಡುತ್ತಾ ಕೂತಳು. ಮೊದಲ ಎರಡು ವಾಕ್ಯ ಹಾಲಿನ ಕುಡಿಕೆಯದು, ಹಸು ಹರಿದುಕೊಂಡ ಹಗ್ಗದ್ದು. ಮೂರನೆಯದರಿಂದ, ಕೊನೆಯದೊಂದು ಬಿಟ್ಟು, ಎಲ್ಲ ವಾಕ್ಯವೂ 'ಮೈ ಹಸ್ಬೆಂಡ್' ಎಂದೇ ಶುರು. ತಟ್ಟೆ, ಬಳೆ, ಬಾಚಣಿಗೆ, ಹಲ್ಲು. ನನ್ನ ಕೈಯಲ್ಲಿ ಕೆಂಪು ಪೆನ್ನಿತ್ತು. ಒಂದು ಕಡೆ 'ಬ್ರೇಕ್ಡ್' ಎಂದು ಬರೆದಿದ್ದಳು, ಹೊಡೆದು 'ಬ್ರೋಕ್' ಮಾಡಿದೆ. ಕೊನೆಯ ವಾಕ್ಯ ಇದು: ಈ ಮನೆಯಲ್ಲಿ ಎಲ್ಲರಿಗೂ ಕೇಳಿಸುತ್ತದೆ, ಯಾರೂ ಬಾಗಿಲು ಮುರಿದು ಬರಲಿಲ್ಲ. 'ಡೋರ್' ಎಂಬ ಪದಕ್ಕೆ ಮೊದಲು ಬರಬೇಕಾದ 'ದ' ಬಿಟ್ಟುಹೋಗಿತ್ತು. ಅದನ್ನು ಸೇರಿಸಿ, ಪಕ್ಕದಲ್ಲಿ ಸರಿ ಗುರುತು ಹಾಕಿ, ಪುಟ ತಿರುವಿದೆ. "ನಾಳೆ ಬ್ರಿಂಗ್," ಎಂದೆ. ಅವಳು ಹೂಂ ಎಂದಳು.

ಪರೀಕ್ಷೆಗೆ ಹನ್ನೆರಡು ದಿನ ಇರುವಾಗ ಒಂದು ಭಾನುವಾರ ಮೈದುನ ತೋಟದ ಅಂಚಿನಲ್ಲಿ ಕಾಡುಹಂದಿ ಹೊಡೆದ. ಮೊದಲ ಗುಂಡು ಸೊಂಟಕ್ಕೆ ಬಿದ್ದು, ಅದು ಕಾಫಿ ಗಿಡಗಳನ್ನು ಸೀಳಿಕೊಂಡು ತೆವಳುತ್ತಾ ನಮ್ಮ ಬಾವಿಯವರೆಗೂ ಬಂದಿತ್ತು. ಅಲ್ಲಿ ಕತ್ತಿಯಲ್ಲಿ ಮುಗಿಸಿದರು. ಅಂಗಳದಲ್ಲಿ ಹುಲ್ಲಿನ ಬೆಂಕಿ ಹಾಕಿ ಅದರ ಕೂದಲು ಸುಡುವ ವಾಸನೆ ಅಡುಗೆಮನೆಯವರೆಗೂ ತುಂಬಿತ್ತು. ಪಕ್ಕದ ತೋಟದ ಹಿರಿಯರಿಬ್ಬರು ಪಾಲಿಗಾಗಿ ಬಂದು ಜಗಲಿಯಲ್ಲಿ ಮಾವನ ಜೊತೆ ಕೂತಿದ್ದರು. ಯಾರ ಮನೆಗೆ ಯಾವ ಪಾಲು ಎಂದು ಬರೆದುಕೊಳ್ಳಲು ಒಂದು ಹಾಳೆ ಬೇಕೆಂದು ಮೈದುನ ಒಳಗೆ ಬಂದ. ಕೈಗೆ ಸಿಕ್ಕಿದ್ದು ಆ ನೋಟ್ ಪುಸ್ತಕ.

ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಹಸ್ಬೆಂಡ್ ಎಂಬ ಪದ ಯಾರಿಗೆ ಗೊತ್ತಿಲ್ಲ? ಒಂದೇ ಪುಟದಲ್ಲಿ ಏಳೆಂಟು ಸಲ ಕಂಡ. ಪುಸ್ತಕ ತೆಗೆದುಕೊಂಡು ಹೋಗಿ ಮಾವನ ತೊಡೆಯ ಮೇಲಿಟ್ಟ.

"ಅಪ್ಪಯ್ಯ, ನಿಮ್ ಸೊಸೆ ನನ್ನ ವಿಷ್ಯ ಏನೋ ಹೊಗಳಿ ಬರ್ದಾಳೆ, ಓದಿ."

ಮನೆಗೆ ಬಂದ ಯಾವ ಇಂಗ್ಲಿಷ್ ಕಾಗದವೂ ಮಾವನ ಕೈಗೇ ಹೋಗಬೇಕು, ಅದು ನಮ್ಮ ಮನೆಯ ಪದ್ಧತಿ. ಕಾಫಿಯ ಸರ್ಕ್ಯುಲರ್ ಇರಲಿ, ಔಷಧಿ ಡಬ್ಬದ ಮೇಲಿನ ಚೀಟಿ ಇರಲಿ, ಅವರು ಕನ್ನಡಕ ಹಾಕಿ, ಮೊದಲು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿ, ಆಮೇಲೆ ಕನ್ನಡದಲ್ಲಿ ಹೇಳುವರು. ಮಧ್ಯೆ ಯಾರೂ ಮಾತಾಡುವಂತಿಲ್ಲ. ಅಂದೂ ಹಾಗೆಯೇ ಗಂಟಲು ಸರಿಮಾಡಿಕೊಂಡರು. ನಾನು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ಮೈ ಹಸ್ಬೆಂಡ್ ಬ್ರೋಕ್ ತ್ರೀ ಪ್ಲೇಟ್ಸ್. ಅಂದ್ರೆ, ನನ್ನ ಗಂಡ ಮೂರು ತಟ್ಟೆ ಒಡೆದರು."

ಹಿರಿಯರಲ್ಲಿ ಒಬ್ಬರು ನಕ್ಕರು. "ಏನ ಮಾರಾಯ, ತಟ್ಟೆ ಮೇಲೆಲ್ಲ ಯಾಕ ಸಿಟ್ಟು ನಿಂಗೆ? ಊಟ ಹಾಕ್ಲಿಲ್ವ?"

"ಮೈ ಹಸ್ಬೆಂಡ್ ಬ್ರೋಕ್ ಮೈ ಬ್ಯಾಂಗಲ್ಸ್. ದ ಗ್ಲಾಸ್ ವೆಂಟ್ ಇನ್ ಮೈ ಹ್ಯಾಂಡ್. ನನ್ನ ಗಂಡ ನನ್ನ ಬಳೆ ಒಡೆದರು. ಚೂರು ಕೈಯೊಳಗೆ ಹೋಯಿತು."

ಈ ಸಲ ಯಾರೂ ನಗಲಿಲ್ಲ. ಮಾವನ ಬಾಯಿ ಬುದ್ಧಿಗಿಂತ ಒಂದು ಸಾಲು ಮುಂದಿತ್ತು, ನಿಲ್ಲಿಸಲು ಗೊತ್ತಾಗಲಿಲ್ಲ. ಹಲ್ಲಿನದನ್ನೂ ಓದಿದರು. ಅರ್ಧ ಹಲ್ಲು ಮುರಿದಿದೆ, ಕೊಟ್ಟಿಗೆಯಲ್ಲಿ ಬಿದ್ದೆ ಎಂದು ಎಲ್ಲರಿಗೂ ಹೇಳಿದೆ ಎಂದು ಕನ್ನಡದಲ್ಲೂ ಹೇಳಿದರು. ಕೊನೆಯ ವಾಕ್ಯಕ್ಕೆ ಬಂದರು. "ಎವರಿಬಡಿ ಇನ್ ದಿಸ್ ಹೌಸ್," ಎಂದವರು ಅಲ್ಲಿಗೆ ನಿಂತರು. ಉಳಿದದ್ದನ್ನು ಕಣ್ಣಲ್ಲೇ ಓದಿದ್ದು ನನಗೆ ಕಾಣಿಸಿತು. ಅದರ ಕನ್ನಡ ಹೇಳಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ಇಂಗ್ಲಿಷ್ ತಪ್ಪಿಲ್ಲ," ಎಂದರು. ಪುಸ್ತಕ ಬೆಂಚಿನ ಮೇಲಿಟ್ಟು ತೋಟದ ಕಡೆ ಇಳಿದು ಹೋದರು.

ಹಿರಿಯರು ಪಾಲಿಗೆ ಕಾಯದೆ ಎದ್ದರು. ಮೈದುನ ಪುಸ್ತಕವನ್ನು ಹಂದಿ ಸುಡುವ ಬೆಂಕಿಗೆ ಎಸೆದು ಒಳಗೆ ಬಂದ. ಅವಸರವಿಲ್ಲದ ನಡಿಗೆ. ಕೈಗೆ ಹಂದಿಯ ರಕ್ತ ಒಣಗಿ ಅಂಟಿತ್ತು. ಅಡುಗೆಮನೆಯಲ್ಲಿ ಅವಳು ಹಸಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಜಗಲಿಯ ಮಾತೆಲ್ಲ ಕೇಳಿಸಿಕೊಂಡಿದ್ದಳು. ಏಳಲಿಲ್ಲ.

"ಯಾವ್ ಕೈಯಲ್ಲಿ ಬರ್ದೆ?" ಎಂದ.

ಅವಳು ಇನ್ನೊಂದು ಕಾಯಿ ಕೈಗೆತ್ತಿಕೊಂಡಳು. ಕೂದಲು ಹಿಡಿದು ಎಬ್ಬಿಸಿದ. ಬಲಗೈಯನ್ನು ಎಳೆದು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದ. ಹಲಸಿನ ಹಲಗೆಯ ಬಾಗಿಲು ಅದು, ಹಾಕಬೇಕಾದರೆ ನಾವು ಹೆಂಗಸರು ಹೆಗಲು ಕೊಡಬೇಕು. ಅವನು ಒಂದೇ ಕೈಯಲ್ಲಿ ಬೀಸಿ ಹಾಕಿದ. ಒಣಗಿದ ರೆಂಬೆ ಮುರಿದಂತೆ ಸದ್ದಾಯಿತು. ಅವಳ ಬಾಯಿಂದ ಉಸಿರು ಮಾತ್ರ ಬಂತು. "ಬರಿ ಈಗ. ಇವತ್ತಿಂದೂ ಸೇರಿಸಿ ಬರಿ," ಎಂದು ಇನ್ನೊಂದು ಸಲ ಬಾಗಿಲು ತೆಗೆದ.

ಒಲೆಯ ಮೇಲೆ ಹಾಲಿತ್ತು. ಜಗಲಿಯ ಬಾಗಿಲಿಂದ ವಾಪಸ್ ಬಂದು ನಾನು ಅದನ್ನು ಕಾಯುತ್ತಾ ನಿಂತಿದ್ದೆ, ಕೈಯಲ್ಲಿ ಬೆಂಕಿ ಊದುವ ಕಬ್ಬಿಣದ ಕೊಳವೆ. ಯೋಚಿಸಿದ್ದು ನೆನಪಿಲ್ಲ. ಮೊದಲ ಏಟು ಅವನ ಮೊಣಕೈಗೆ ಬಿತ್ತು. "ಅತ್ತಿಗೇ!" ಎಂದ, ಬಹಳ ಆಶ್ಚರ್ಯದಲ್ಲಿ, ನಾನೇನೋ ಬಡಿಸುವುದನ್ನು ಮರೆತೆನೇನೋ ಎನ್ನುವ ಹಾಗೆ. ಎರಡನೆಯದು ಹೆಗಲಿಗೆ. ಅವನು ಮಂಡಿಯೂರಿದ ಮೇಲೂ ಹೊಡೆದೆ. ಬೆನ್ನಿಗೆ, ಪಕ್ಕೆಗೆ, ತಲೆ ಮುಚ್ಚಿಕೊಂಡ ಕೈಗಳಿಗೆ. ನನಗೆ ಹಿತವಾಗಿತ್ತು. ಇಷ್ಟು ವರ್ಷದ ಮೇಲೆ ಮುಚ್ಚಿಡುವುದೇಕೆ, ಹಿತವಾಗಿತ್ತು. ನನ್ನ ಗಂಡ ಬಂದು ನನ್ನ ಎರಡೂ ರಟ್ಟೆ ಹಿಡಿದು ಎಳೆದಾಗಲೇ ನಿಂತದ್ದು. ಹಾಲು ಉಕ್ಕಿ ಒಲೆ ಆರಿತ್ತು. ಹೋಗಿ ಪಾತ್ರೆ ಇಳಿಸಿದೆ.

ಮೂಡಿಗೆರೆಯ ಡಾಕ್ಟರರ ಮುಂದೆ ಅತ್ತೆ, "ಬಾಗಿಲಿಗೆ ಸಿಕ್ತು," ಎಂದರು. ಅದು ಸುಳ್ಳೂ ಅಲ್ಲ. ತೋರುಬೆರಳು, ನಡುಬೆರಳು ಎರಡೂ ಮುರಿದಿದ್ದವು. ಪಟ್ಟಿ ಇಟ್ಟು ಮುಂಗೈವರೆಗೆ ಕಟ್ಟಿದರು. ಜೀಪಿನಲ್ಲಿ ಬರುವಾಗ ಅವಳು ನನ್ನ ಕಿವಿಯಲ್ಲಿ ಕೇಳಿದ್ದು ಒಂದೇ. "ಪರೀಕ್ಷೆಗೆ ಹನ್ನೆರಡೇ ದಿನ ಅಲ್ವಾ ಅಕ್ಕ?"

ಮಂಗಳವಾರ ಗಂಡನ ಚಿಕ್ಕಪ್ಪಂದಿರಿಬ್ಬರು ಬಂದು ಕೂತರು. ಎರಡು ವರ್ಷದಲ್ಲಿ ಒಮ್ಮೆಯೂ ಸೇರದ ನ್ಯಾಯ ಅಂದು ಸೇರಿತು. ಮುರಿದ ಬೆರಳಿನ ಮಾತಿಗಲ್ಲ, ಮೈದುನನ ಊದಿದ ಮೊಣಕೈಗೆ.

"ಗಂಡಸಿನ ಮೈ ಮುಟ್ಟಿ ಹೊಡೆಯೋದಾ? ನಮ್ ವಂಶದಲ್ಲಿ ಕೇಳಿದ್ದಿಲ್ಲ," ಎಂದರು ದೊಡ್ಡವರು.

"ಇವ್ಳಿಗೆ ಯಾಕ್ ಬೇಕಿತ್ತು ಅಂತ," ಎಂದರು ನನ್ನ ಗಂಡ, ನನ್ನನ್ನು ನೋಡದೆ.

ತಪ್ಪಾಯಿತು ಎಂದು ಮೈದುನನ ಮುಂದೆ ಹೇಳಬೇಕು ಎಂದಾಯಿತು. "ಹೇಳ್ತೀನಿ," ಎಂದೆ. "ಅವಳು ಪರೀಕ್ಷೆ ಬರೀಬೇಕು. ಅದಕ್ಕೆ ಒಪ್ಪಿದ್ರೆ ಈಗ್ಲೇ ಹೇಳ್ತೀನಿ."

ಎಲ್ಲರೂ ಮಾವನ ಕಡೆ ನೋಡಿದರು. ಅವರು ಅಡಿಕೆ ಕತ್ತರಿಸುತ್ತಾ ತಲೆ ಎತ್ತಲಿಲ್ಲ. "ಹಾಲ್ ಟಿಕೆಟ್ ಬಂದದೆ. ಬರೀಲಿ."

ಮೈದುನ ಬಾಯಿ ತುಂಬ ನಕ್ಕ. "ಬರೀಲಿ ಬರೀಲಿ. ಕಾಲಲ್ಲಿ ಬರೀತಾಳೇನೋ ನೋಡಣ."

ತಪ್ಪಾಯಿತು ಎಂದೆ. ಹೇಳುವಾಗ ಅವನ ಮೊಣಕೈಯನ್ನೇ ನೋಡಿದೆ, ಮನಸ್ಸಿಗೆ ಸಮಾಧಾನವಾಗಲಿ ಎಂದು.

ಆ ಹನ್ನೊಂದು ದಿನ ಅವಳು ಎಡಗೈಯನ್ನು ಪಳಗಿಸಿದಳು. ಪುಸ್ತಕವಿಲ್ಲ, ಕೇಳಿದರೆ ಕೊಡುವವರೂ ಇಲ್ಲ. ಒಲೆಯ ಬೂದಿಯನ್ನು ನೆಲಕ್ಕೆ ಹರಡಿ ಬೆರಳಲ್ಲಿ ಬರೆದಳು. ಆಮೇಲೆ ಇದ್ದಿಲಿನಿಂದ ಹಿತ್ತಿಲ ಗೋಡೆಗೆ. ಮೊದಲ ದಿನದ ಅಕ್ಷರಗಳು ಕಾಲು ಮುರಿದ ಕೋಳಿಯ ಹಾಗೆ ಒಂದು ಕಡೆಗೇ ವಾಲುತ್ತಿದ್ದವು. ಸಿಟ್ಟು ಬಂದು ಎಡಗೈಯನ್ನು ಗೋಡೆಗೆ ಬಡಿದಳು. "ಅದನ್ನೂ ಮುರ್ಕೋ, ಆಮೇಲೆ ಅವ್ನು ಹೇಳ್ದಂಗೆ ಕಾಲಲ್ಲೇ ಬರಿ," ಎಂದು ಬೈದೆ. ನನ್ನನ್ನು ದುರುಗುಟ್ಟಿ ನೋಡಿ ಮತ್ತೆ ಇದ್ದಿಲು ಹಿಡಿದಳು. ರಾತ್ರಿಯ ಅಡುಗೆಗೆ ಮುಂಚೆ ಗೋಡೆ ಸಾರಿಸಿ ಒರೆಸುತ್ತಿದ್ದೆವು.

ಪರೀಕ್ಷೆಯ ದಿನ ಏಳು ಗಂಟೆಗೇ ಹೊರಟೆವು. ತೋಟದಲ್ಲಿ ಮರಗಸಿ ನಡೆದಿತ್ತು. ಮಳೆಗಾಲಕ್ಕೆ ಮುಂಚೆ ಕಾಫಿಗೆ ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ. ಎಲ್ಲೆಲ್ಲೂ ಕತ್ತಿಯ ಸದ್ದು, ಕೊಂಬೆ ಬಿರಿದು ಬೀಳುವ ಸದ್ದು. ದಾರಿಯ ಮೇಲೆ ಬಾಗಿದ ಒಂದು ಅತ್ತಿಮರದ ಕೆಳಗೆ ಮೈದುನ ನಿಂತಿದ್ದ. ಮೇಲೆ ಆಳು ಅರ್ಧ ಕಡಿದ ದೊಡ್ಡ ಕೊಂಬೆಯ ಬುಡದಲ್ಲಿ ಕೂತಿದ್ದ.

ನಾವು ಕೊಂಬೆಯ ನೇರಕ್ಕೆ ಬಂದಾಗ ಮೈದುನ ಮೇಲೆ ನೋಡಿ, "ಕಡಿಯೋ," ಎಂದ.

"ಅಮ್ಮೋರು ದಾಟ್ಲಿ, ಸಣ್ಣಯ್ಯ."

"ಕಡಿಯೋ ಅಂದೆ. ಕಿವಿ ಕೇಳಲ್ವಾ?"

ಆಳು ಕತ್ತಿಯನ್ನು ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಂಡ. ಎರಡೂ ಕೈಯಲ್ಲಿ ಮರ ತಬ್ಬಿಕೊಂಡು ಸುಮ್ಮನೆ ಕೂತ. "ಬೇಗ ದಾಟಿ ಅಮ್ಮ," ಎಂದ ನಮಗೆ. ದಾಟಿದೆವು. ಹಿಂದಿನಿಂದ ಒಂದು ಮರದ ತುಂಡು ಬಂದು ನನ್ನ ಬೆನ್ನಿಗೆ ಬಡಿಯಿತು. ಇನ್ನೊಂದು ಅವಳ ಕಾಲ ಬಳಿ ಬಿತ್ತು. ಅವಳು ತಿರುಗಲು ಹೋದಳು, ನಾನು ಅವಳ ಎಡಗೈ ಹಿಡಿದು ಎಳೆದೆ. ಆ ಕೈಯನ್ನು ರಸ್ತೆ ಸಿಗುವ ತನಕ ನನ್ನ ಸೆರಗಿನೊಳಗೇ ಇಟ್ಟುಕೊಂಡಿದ್ದೆ.

ಮೂಡಿಗೆರೆಯ ಪರೀಕ್ಷಾ ಶಾಲೆಯ ಹೊರಗೆ ಮೂರು ಗಂಟೆ ನಿಂತೆ. ಬೆನ್ನು ಸೆಳೆಯುತ್ತಿತ್ತು, ಕೂತರೆ ಏಳಲಾರೆ ಎಂದು ಕೂರಲಿಲ್ಲ. ಅವಳು ಎಲ್ಲರಿಗಿಂತ ಕೊನೆಗೆ ಬಂದಳು, ಎಡಗೈ ತುಂಬ ಶಾಯಿ.

"ಪೂರ್ತಿ ಆಗ್ಲಿಲ್ಲಕ್ಕ. ಪತ್ರ ಬರ್ದೆ, ಪದ್ಯ ಬರ್ದೆ. ಪ್ರಬಂಧ ಅರ್ಧಕ್ಕೆ ಬಿಟ್ಟೆ. ಕೈ ಓಡ್ಲಿಲ್ಲ."

"ಸಾಕು ಬಿಡು. ನಡಿ, ಕಾಫಿ ಕುಡಿದು ಹೋಗಣ."

ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿದೆವು. ವಸ್ತಾರೆ ಮೇಲೆ ಹೋಗುವ ಚಿಕ್ಕಮಗಳೂರಿನ ಬಸ್ಸು ಹೊರಡಲು ತಯಾರಾಗಿತ್ತು. ಅವಳು ಲೋಟ ಇಟ್ಟು ಆ ಕಡೆ ನಡೆದಳು.

"ಎಲ್ಲಿಗೆ?"

"ಅಪ್ಪನ ಮನೆಗೆ."

"ಹಿಂದೆ ಎರಡು ಸಲ ವಾಪಸ್ ಕಳಿಸಿದ್ರಲ್ಲೇ."

"ಹೂಂ. ಫೇಲಾದೋಳು ಇಲ್ಲಿ ಕೂತು ಏನ್ ಮಾಡ್ತೀಯ ಅಂದಿದ್ರು. ಪಾಸಾದ್ರೆ ಏನಂತಾರೆ ನೋಡ್ತೀನಿ. ಅಲ್ಲಿ ತನಕ ಕಾಲಿಗೆ ಬಿದ್ದಾದ್ರೂ ಇರ್ತೀನಿ." ಮೆಟ್ಟಿಲ ಮೇಲೆ ನಿಂತು ಹಿಂತಿರುಗಿದಳು. "ಅಕ್ಕ, ನಿಮ್ಗೆ ಬೀಳ್ತದೆ ಇವತ್ತು."

"ಬೀಳ್ಲಿ ಹೋಗು," ಎಂದೆ.

ಬಿತ್ತು. ಒಬ್ಬಳೇ ಜಗಲಿ ಹತ್ತಿದವಳನ್ನು ಕಂಡು ನನ್ನ ಗಂಡ ಎದ್ದು ಬಂದು ಕೆನ್ನೆಗೆ ಹೊಡೆದರು. ಹಿಂದೆಂದೂ ಹೊಡೆದವರಲ್ಲ. ಓಲೆ ಕಿವಿಯ ಹಿಂದೆ ಚುಚ್ಚಿ ರಕ್ತ ಬಂತು. ಎರಡನೇ ಸಲ ಕೈ ಎತ್ತಿದಾಗ ಒಳಗೆ ಅತ್ತೆ ರೇಡಿಯೋ ದೊಡ್ಡದು ಮಾಡಿದರು. ಆ ಸದ್ದಿಗೆ ಅವರ ಕೈ ತಾನಾಗಿ ನಿಂತಿತು. ಯಾಕೆ ಎಂದು ನಾನೂ ಕೇಳಲಿಲ್ಲ, ಅವರೂ ಇವತ್ತಿನವರೆಗೆ ಹೇಳಲಿಲ್ಲ. ಮೈದುನ ಜೀಪಿನಲ್ಲಿ ವಸ್ತಾರೆಗೆ ಎರಡು ಸಲ ಹೋಗಿ ಬಂದ. ರಿಸಲ್ಟ್ ಬರಲಿ, ಆಮೇಲೆ ಮಾತಾಡೋಣ ಎಂದರಂತೆ ಅವಳಪ್ಪ. ಮಗಳಿಗೂ ಅಳಿಯನಿಗೂ ಅದೇ ಗಡುವು.

ಮಳೆ ಹಿಡಿದು ನಾಲ್ಕೈದು ದಿನ ಆಗಿತ್ತು. ಬೆಳಿಗ್ಗೆ ರೊಟ್ಟಿ ತಟ್ಟುತ್ತಿರುವಾಗ ಫೋನು ಬಂತು. ಮಾವ ಎತ್ತಿಕೊಂಡರು. ಹಲೋ ಎಂದು ಸುಮ್ಮನೆ ಕೇಳಿಸಿಕೊಂಡರು. ಮೈದುನ ಬಾಗಿಲಲ್ಲೇ ಇದ್ದ. "ಯಾರಪ್ಪಯ್ಯ?" ಎಂದ. ಮಾವ ಅವನಿಗೆ ಉತ್ತರ ಕೊಡದೆ ರಿಸೀವರನ್ನು ನನ್ನ ಕಡೆ ಹಿಡಿದು, ನಾನು ಕೈ ತೊಳೆದು ಬರುವ ತನಕ ಹಾಗೆಯೇ ಹಿಡಿದು ನಿಂತರು.

"ಅಕ್ಕ, ಮೂವತ್ತೇಳು," ಎಂದಳು. ಪಾಸಾಗಲು ಬೇಕಿದ್ದದ್ದು ಮೂವತ್ತೈದು.

"ಬೆರಳು?"

"ಮಡಚಕ್ಕೆ ಬರಲ್ಲ. ಪರ್ವಾಗಿಲ್ಲ."

"ಅಪ್ಪ ಏನಂದ್ರು?"

ಆ ಕಡೆಯಿಂದ ಮಳೆಯ ಸದ್ದು ಕೇಳಿಸುತ್ತಿತ್ತು. ಅವಳು ಮೂಗು ಏರಿಸಿಕೊಂಡಳು.

"ಇರು ಅಂದ್ರು," ಎಂದಳು.